ಮೀನಿನ ಬಾಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತೊಂದು ವರ್ಷ ಬಟ್ಟೆ ಕಾರ್ಖಾನೆಯ ಕಟಿಂಗ್ ಟೇಬಲ್ ಮುಂದೆ ನಿಂತವಳು ನಾನು. ತೋಳು, ಕಾಲರ್, ಜೇಬುಗಳ ಕಾಗದದ ಅಚ್ಚುಗಳನ್ನು ಬಟ್ಟೆಯ ಮೇಲೆ ತಿರುಗಿಸಿ, ಬೆರಳಗಲ ಜಾಗವೂ ದಂಡವಾಗದ ಹಾಗೆ ಹೊಂದಿಸುತ್ತಿದ್ದೆ. ಖಾಲಿ ಜಾಗ ಕಂಡರೆ ಇವತ್ತಿಗೂ ನನ್ನ ಕೈ ಸುಮ್ಮನಿರುವುದಿಲ್ಲ. ಈ ಕೈಗೆ ಬೆಂಕಿ ಬೀಳಲಿ.

ಮೊಮ್ಮಗಳಿಗೆ ಆರು ವರ್ಷ. ಮನೆಯಲ್ಲಿ ಚೂಟಿ ಅಂತ ಕರೆಯುತ್ತೇವೆ. ಮಗಳು ಬಸ್ ಡಿಪೋದ ಕೆಲಸಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ, ಅಲ್ಲಿಯವರೆಗೆ ನಾನೂ ಅವಳೂ ಇಬ್ಬರೇ. ಶಾಲೆಯವರು ಒಂದನೇ ತರಗತಿಯ ಮಕ್ಕಳಿಗೆಲ್ಲ ಒಂದು ಕಂಪ್ಯೂಟರ್ ಆಟ ಕೊಟ್ಟಿದ್ದರು. ಕೆಳಗೆ ಬಣ್ಣದ ತುಂಡುಗಳು ಬಿದ್ದಿರುತ್ತವೆ. ಅವನ್ನು ಬೇಕಾದ ಹಾಗೆ ತಿರುಗಿಸಿ ಮೇಲಿನ ಚಿತ್ರದೊಳಗೆ ಕೂರಿಸಬೇಕು. ವಾರಕ್ಕೊಂದು ಹೊಸ ಚಿತ್ರ. ಆಕಾರ, ದಿಕ್ಕು, ಅಳತೆ ಮಕ್ಕಳ ತಲೆಗೆ ಹತ್ತಲಿ ಎಂದು ಮಾಡಿದ ಆಟ. ಅಂಕ ನೇರವಾಗಿ ಟೀಚರ್‌ಗೆ ಹೋಗುತ್ತದೆ, ಕಡಿಮೆ ಬಂದವರ ಮನೆಯವರನ್ನು ಕರೆಸುತ್ತಾರೆ.

ಎರಡು ತಿಂಗಳು ಚೂಟಿ ಪಟಪಟನೆ ಆಡಿದಳು. ನನ್ನ ರಕ್ತ ಅಂತ ನಾನು ಬೀಗಿದ್ದೇ ಬೀಗಿದ್ದು. ಆಮೇಲೆ ಅದೇನಾಯಿತೋ, ಅರ್ಧಂಬರ್ಧ ಬಿಟ್ಟು ಏಳತೊಡಗಿದಳು.

"ಮುಗೀತು ಅಜ್ಜಿ!"

"ಎಲ್ಲೇ ಮುಗೀತು? ಮೀನಿನ ಬಾಲ ಯಾರು, ನಿಮ್ಮ ಟೀಚರ್ ಬಂದು ಇಡ್ತಾರಾ?"

ಅವಳು ಕತ್ತನ್ನು ಪೂರ್ತಿ ಹೊರಳಿಸಿ ನೋಡುತ್ತಿದ್ದಳು. "ಅಯ್ಯೋ, ಬಾಲ ಎಲ್ಲಿತ್ತು?"

ನಾಟಕ ಅಂದುಕೊಂಡೆ. ಸೋಮಾರಿ ಅಂತ ಬೈದೆ. ಅವಳು ಆಡಲು ಓಡಿದ ಮೇಲೆ ಉಳಿದ ತುಂಡುಗಳನ್ನು ನಾನೇ ಕೂರಿಸಿ ಆಟ ಮುಗಿಸುತ್ತಿದ್ದೆ. ನನ್ನ ಮೊಮ್ಮಗಳು ಶಾಲೆಯಲ್ಲಿ ಪೆದ್ದಿ ಅನ್ನಿಸಿಕೊಳ್ಳುವುದೇ? ನಾನು ಬದುಕಿರುವಾಗ?

ದಿನ ಕಳೆದಂತೆ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಳ್ಳತೊಡಗಿದಳು. ಹಾಲಿನ ಲೋಟ ಉರುಳಿಸಿದಳು. "ಕಣ್ಣೇನು ನೆತ್ತಿ ಮೇಲಿದೆಯಾ?" ಅಂತ ಅದಕ್ಕೂ ಬೈದೆ. ಕೊನೆಗೊಂದು ದಿನ ಮೆಟ್ಟಿಲಿಂದ ಬಿದ್ದು ಗದ್ದ ಸೀಳಿಕೊಂಡಳು. ಹೊಲಿಗೆ ಹಾಕಿದ ನರ್ಸ್ ಅವಳ ಎಡಗಡೆ ಬೆರಳಾಡಿಸಿದಾಗ ಮಗು ಅತ್ತ ನೋಡಲೇ ಇಲ್ಲ. ಆ ನರ್ಸ್ ನಗು ನಿಲ್ಲಿಸಿ ಸ್ಕ್ಯಾನಿಂಗಿಗೆ ಬರೆಸಿದಳು.

ಡಾಕ್ಟರ್ ಹೆಂಗಸು, ನನ್ನ ಮಗಳ ವಯಸ್ಸಿನವರು. "ತಲೆಯ ಹಿಂಭಾಗದಲ್ಲಿ ಗಡ್ಡೆ ಇದೆ. ಎರಡೂ ಕಣ್ಣಿಗೆ ಎಡಗಡೆ ಇರೋದು ಕಾಣಿಸ್ತಿಲ್ಲ. ಯಾವಾಗಿನಿಂದ ಹೀಗೆ?"

ಮಗಳು ಶಾಲೆಯವರು ಕೊಟ್ಟ ಆಟದ ಅಂಕಗಳ ಕಾಗದ ಬಿಡಿಸಿದಳು. "ಹೋದ ವಾರದವರೆಗೂ ನೂರಕ್ಕೆ ನೂರು ತಗೊಂಡಿದ್ದಾಳೆ ಡಾಕ್ಟ್ರೇ. ಚೆನ್ನಾಗೇ ಇದ್ಲು."

"ಹಾಗಾದ್ರೆ ಕೆಲವೇ ದಿನದಲ್ಲಿ ಬೆಳೆದಿದೆ. ಕಾಯೋ ಹಾಗಿಲ್ಲ, ಇವತ್ತೇ ತಲೆ ತೆರೀಬೇಕು. ಅವಸರದಲ್ಲಿ ಮಾಡಿದ್ರೆ ಜೀವಕ್ಕೆ ಅಪಾಯ ಜಾಸ್ತಿ. ಅದನ್ನೂ ನಿಮಗೆ ಹೇಳಬೇಕು."

ಬಾಯಿ ಮುಚ್ಚಿಕೊಂಡು ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಆ ಅಂಕ ಅವಳದ್ದಲ್ಲ," ಅಂದೆ. "ನನ್ನದು."

ಮಗಳು ನನ್ನತ್ತ ತಿರುಗಿದಳು. ನಾನು ಅವಳ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆ ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದೆ. ಮೀನು, ದೋಣಿ, ಮನೆ, ಛತ್ರಿ, ಹೀಗೆ ಹದಿಮೂರು ವಾರದ ಹದಿಮೂರು ಚಿತ್ರ. ಒಂದೊಂದರಲ್ಲೂ ಮಗು ಬಿಟ್ಟಿದ್ದ ಜಾಗಕ್ಕೆ ಗೆರೆ ಎಳೆದೆ. ಅಚ್ಚು ಕೂರಿಸಿದ ಜಾಗ ನನಗೆ ಮರೆಯುವುದಿಲ್ಲ. ಮೊದಲು ಎಡ ಮೂಲೆ, ಆಮೇಲೆ ಎಡ ಅಂಚು, ಆಮೇಲೆ ಎಡಗಡೆಯ ಅರ್ಧಕ್ಕರ್ಧ. ಸಾಲಾಗಿ ಬರೆಯುವವರೆಗೆ ನನ್ನ ಹಾಳು ತಲೆಗೆ ಅದು ಹೊಳೆದಿರಲಿಲ್ಲ.

ಡಾಕ್ಟರ್ ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ನೋಡಿದರು. "ನಿಧಾನವಾಗಿ ಬೆಳೆದಿದೆ. ಶುಕ್ರವಾರ ದೊಡ್ಡ ಸರ್ಜನ್ ಬರ್ತಾರೆ, ಸಿದ್ಧತೆ ಮಾಡಿಕೊಂಡೇ ಮಾಡೋಣ. ಮಗು ಉಳಿಯುತ್ತೆ ಅಂತ ನನಗೆ ನಂಬಿಕೆ ಇದೆ."

"ಕಣ್ಣು?" ಮಗಳು ಕೇಳಿದಳು.

"ಮೂರು ತಿಂಗಳ ಹಿಂದೆ ಬಂದಿದ್ರೆ ಉಳಿಸಬಹುದಿತ್ತು. ಈಗ ಹೋಗಿರೋ ನೋಟ ವಾಪಸ್ ಬರೋದಿಲ್ಲಮ್ಮ."

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮಗಳು ಕಿರುಚಲಿಲ್ಲ. ಕಿರುಚಿದ್ದರೆ ತಡೆದುಕೊಳ್ಳುತ್ತಿದ್ದೆ.

"ಪೆದ್ದಿ ಅನ್ನಿಸಿಕೊಂಡಿದ್ರೆ ಏನಾಗ್ತಿತ್ತಮ್ಮ?" ಅಂದಳು. "ಟೀಚರ್ ನನ್ನ ಕರೆಸ್ತಿದ್ರು, ಅಷ್ಟೇ ತಾನೆ?"



ಚೂಟಿ ಉಳಿದಳು. ಬೋಳು ತಲೆಗೆ ಟೋಪಿ ಹಾಕಿಕೊಂಡು ಓಡಾಡುತ್ತಾಳೆ, ಬಾಗಿಲಿಗೆ ಈಗಲೂ ಭುಜ ಹೊಡೆದುಕೊಳ್ಳುತ್ತಾಳೆ. ತಲೆ ತಿರುಗಿಸಿ ನೋಡುವ ಅಭ್ಯಾಸವಾಗಲಿ, ಅದೇ ಆಟ ಆಡಿಸಿ ಅಂದಿದ್ದಾರೆ ಡಾಕ್ಟರ್. ನಿನ್ನೆ ಮತ್ತೆ ಮೀನಿನ ಚಿತ್ರ ಬಂತು.

"ಮುಗೀತು ಅಜ್ಜಿ!"

"ಇಲ್ಲ ಕಂದಾ. ತಲೆ ತಿರುಗಿಸಿ ನೋಡು."

ಅವಳು ಸ್ವಲ್ಪ ತಿರುಗಿಸಿದಳು, ಸಾಕಾಗಲಿಲ್ಲ. "ಮೊದ್ಲೆಲ್ಲ ಮುಗೀತಿತ್ತಲ್ಲ ಅಜ್ಜಿ?"

"ಆಗ ಉಳಿದಿದ್ದನ್ನ ನಾನು ಇಡ್ತಿದ್ದೆ ಪುಟ್ಟಾ."

"ಹೌದಾ!" ಅವಳ ಮುಖ ಅರಳಿತು. ಬಂದು ನನ್ನ ತೋಳಿಗೆ ಒರಗಿದಳು. "ಹಾಗಾದ್ರೆ ಈಗ್ಲೂ ನೀನೇ ಇಡಜ್ಜಿ."

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.