ಅಪ್ಪ ಬಿಡಿಸಿದ ಪದ

ನಮ್ಮಪ್ಪ ಪ್ರಭುಲಿಂಗಪ್ಪ ಮಾಸ್ತರರು ಒಂದು ಶಬ್ದದ ಹುಟ್ಟು ಹೇಳಲು ಕುಳಿತರೆ ಎದುರಿನವರ ಚಹಾ ಆರಿ ಕೆನೆ ಕಟ್ಟುತ್ತಿತ್ತು. ನಿವೃತ್ತರಾದ ಮೇಲೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಲ್ಲಿ ಮಾರಾಟವಾಗುವ ವಾರಪತ್ರಿಕೆಯೊಂದಕ್ಕೆ ‘ಪದಮೂಲ’ ಎಂಬ ಅಂಕಣ ಬರೆಯುತ್ತಿದ್ದರು.

2006ರ ಮಾರ್ಚಿನಲ್ಲಿ ಹುಬ್ಬಳ್ಳಿಯ ಡಾಕ್ಟರು ಅವ್ವನ ಚೀಟಿಯಲ್ಲಿ ‘ರಿಲ್ಯಾಪ್ಸ್’ ಎಂದು ಬರೆದರು. ಎರಡು ವರ್ಷದ ಹಿಂದೆ ವಾಸಿಯಾಗಿದ್ದ ಕ್ಯಾನ್ಸರ್ ತಿರುಗಿ ಬಂದಿತ್ತು. ಅಪ್ಪನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು.

ಹಾವೇರಿ ಬಸ್ಸಿನಲ್ಲಿ ಅವ್ವ ಚೀಟಿಯ ಆ ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟು ಕೇಳಿದಳು: “ಆ ಬ್ಯಾನಿ ತಿರುಗಿ ಬಂದಿದ್ರ ಖರೇ ಹೇಳ್ರಿ. ಲಗೂನ ಬ್ಯಾಡಗಿಗೆ ಹೋಗಬೇಕು. ಶೈಲಾನ್ನ ಹೊರಗ ಹಾಕಿದಾಕಿ ನಾನು. ಆಕಿ ಬಾಗಲಿಗೆ ನಾನ ಹೋಗಬೇಕು.”

ಶೈಲಾ ಅವ್ವನ ತಂಗಿ. ಅಜ್ಜಿಯ ಕೊನೆಗಾಲದಲ್ಲಿ ಬರಲಿಲ್ಲವೆಂದು, ಹನ್ನೊಂದು ವರ್ಷದ ಹಿಂದೆ, ನೆರೆದ ಮಂದಿಯೆದುರು ಅವ್ವ ಆಕೆಯನ್ನು ಮನೆಯಿಂದ ಹೊರಗೆ ಕಳಿಸಿದ್ದಳು.

ಅಪ್ಪ ಕಿಟಕಿಯ ಕಡೆ ತಿರುಗಿದರು. “ಅದು ಲ್ಯಾಟಿನ್ ಮೂಲದ ಶಬ್ದ. ಹಿಂದಕ್ಕ ಜಾರೂದು ಅಂತ ಅರ್ಥ. ಮೊದಲಿಗೆ ಧರ್ಮದ ದಾರಿ ಬಿಟ್ಟು ತಿರುಗಿ ಜಾರಿದವರಿಗೆ ಅಂತಿದ್ರು. ರೋಗಕ್ಕ ಬಂದದ್ದು ಆಮ್ಯಾಲೆ…” ಬಂಕಾಪುರ ದಾಟಿದರೂ ಮುಗಿಯಲಿಲ್ಲ.

“ಅಂದ್ರ ನನಗೇನಾಗೈತ್ರಿ?”

“ಏನಿಲ್ಲ, ಅಶಕ್ತಿ. ಬಿಸಲು ಇಳೀಲಿ, ಬ್ಯಾಡಗಿಗೆ ಹೋಗೂಣು.”

ನಾನೂ ಬಾಯಿ ಬಿಡಲಿಲ್ಲ. ಹೇಡಿತನದಲ್ಲಿ ನಾನು ಅಪ್ಪನ ಮಗಳೇ.

ತಿಂಗಳೊಪ್ಪತ್ತಿನಲ್ಲಿ ಅವ್ವ ಹಾಸಿಗೆ ಹಿಡಿದಳು. ಬಚ್ಚಲಿಗೂ ನಾನೇ ಎತ್ತಿಕೊಂಡು ಹೋಗಬೇಕಾಯಿತು. ಕದ್ದು ಬ್ಯಾಡಗಿಗೆ ಫೋನ್ ಮಾಡಿ, ಅವ್ವನಿಗೆ ಆರಾಮಿಲ್ಲ ಎಂದಷ್ಟೇ ಹೇಳಿದೆ. “ಕರಿಯಾಕ ಆಕಿನ ಬರಲಿ,” ಎಂದು ಚಿಕ್ಕಮ್ಮ ಫೋನ್ ಇಟ್ಟಳು.

ಆ ವಾರವೇ ಪತ್ರಿಕೆ ಬಂತು. ಅವ್ವ ಕನ್ನಡಕ ತರಿಸಿಕೊಂಡು ಎಂದಿನಂತೆ ಗಂಡನ ಅಂಕಣ ಓದಿದಳು. ಪದ ಅದೇ. ಒಳ್ಳೆಯ ಉದಾಹರಣೆ ಸಿಕ್ಕರೆ ಅಪ್ಪ ಬಿಡುವವರಲ್ಲ: ‘ನನಗೆ ಪರಿಚಯದ ಹೆಣ್ಣುಮಗಳೊಬ್ಬಳಿಗೆ ಎರಡು ವರ್ಷದ ಮೇಲೆ ಕ್ಯಾನ್ಸರ್ ಮರುಕಳಿಸಿದೆ. ಇನ್ನು ಔಷಧವಿಲ್ಲ.’

ಅವ್ವ ಅಪ್ಪನನ್ನು ಕರೆದಳು. ದನಿ ಏರಲಿಲ್ಲ.

“ಮೂರೂರ ಮಂದಿಗೆ ಹೇಳೀರಿ. ನನಗೊಬ್ಬಾಕಿಗೆ ಹೇಳಾಕ ಆಗಲಿಲ್ಲೇನ್ರಿ? ಅವತ್ತು ನನ್ನ ಕಾಲಾಗ ಶಕ್ತಿ ಇತ್ತು.”

ಅಪ್ಪ ಪತ್ರಿಕೆ ತೆಗೆದುಕೊಂಡರು. ಈಗಲಾದರೂ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಅಂಕಣದ ಸಾಲುಗಳ ಮೇಲೆ ಬೆರಳು ಓಡಿಸಿದರು.

“ಲ್ಯಾಟಿನ್ ಅನ್ನೂದನ್ನ ತಪ್ಪು ಅಚ್ಚು ಮಾಡ್ಯಾರ,” ಎಂದರು.