ಹೊಟ್ಟೆಯ ಮೇಲೆ ಒಣಗಿದ ಕಾಲುಚೀಲ

ಒದ್ದೆ ಉಣ್ಣೆ, ಹಳೆಯ ರಬ್ಬರು, ಉಕ್ಕಿ ಸೀದ ಹಾಲು. ಈ ಮೂರೂ ಬೆರೆತ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಹುಡುಗಿಗೆ ತಾನು ಏಳು ವರ್ಷದವಳಾಗಿ ಮನೆಯ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತದ್ದು ನೆನಪಾಗುತ್ತಿತ್ತು. ಅಪ್ಪ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮನೆಗೆ ಬಂದವನೇ ಬೂಟು ಕಳಚಿ, ಎರಡು ಜೊತೆ ಕಾಲುಚೀಲ ಬಿಚ್ಚಿ, ಸ್ಟೌವಿನ ಮೇಲೆ ಕಟ್ಟಿದ್ದ ತಂತಿಗೆ ತೂಗುಹಾಕುತ್ತಿದ್ದ. ಕೆಳಗೆ ಹಾಲು, ಮೇಲೆ ಕಾಲುಚೀಲ. ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ನಾನು ಒಳಗೆ ಊಟ ಮಾಡಲ್ಲ" ಎಂದು ತಟ್ಟೆ ಎತ್ತಿಕೊಂಡು ಹೊರಗೆ ನಡೆಯುತ್ತಿದ್ದಳು. ಅಪ್ಪ ಬೈದವನಲ್ಲ. ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದು, ಬಾಗಿಲ ಹತ್ತಿರ ನಿಂತು, "ಇನ್ನೊಂಚೂರು ಹಾಕ್ಲಾ ಮಗಳೇ?" ಎಂದು ಕೇಳುತ್ತಿದ್ದ.

ಈಗ ಅವಳಿಗೆ ಹತ್ತೊಂಬತ್ತು. ಬೆಟ್ಟದ ಮೇಲೆ, ಹಿಮ ಬೀಳುವ ಕಡೆ, ಒಂದು ರೆಸಾರ್ಟಿನಲ್ಲಿ ಚಳಿಗಾಲದ ನಾಲ್ಕು ತಿಂಗಳಿಗೆ ಕೋಣೆ ಶುಚಿ ಮಾಡುವ ಕೆಲಸ ಸಿಕ್ಕಿತ್ತು. ನಾಲ್ಕು ತಿಂಗಳು ಪೂರ್ತಿ ಮಾಡಿದವರಿಗೆ ಪ್ರಮಾಣಪತ್ರ. ಆ ಪತ್ರ ಇದ್ದರೆ ಹೋಟೆಲ್ ಶಾಲೆಯಲ್ಲಿ ಸೀಟು. ನಡುವೆ ವಾಪಸು ಬಂದವರಿಗೆ ಎರಡೂ ಇಲ್ಲ.

ಕೆಲಸದ ಪತ್ರದ ಜೊತೆ ತರಬೇಕಾದ ಸಾಮಾನಿನ ಪಟ್ಟಿಯೂ ಬಂದಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ. "ಉಣ್ಣೆ ಕಾಲುಚೀಲ ಆರು ಜೊತೆ. ಹತ್ತಿಯದು ಬೇಡ. ಬೂಟು ಒಂದು ಸೈಜು ದೊಡ್ಡದಿರಲಿ. ಕಿವಿ ಮುಚ್ಚುವ ಟೋಪಿ. ಕೈಗವಸು ಎರಡು ಜೊತೆ, ಒಂದು ನೆನೆದರೆ ಇನ್ನೊಂದು." ಓದಿ ಮುಗಿಸಿ, "ಇದನ್ನ ಬರೆದೋರು ಚಳಿ ಕಂಡೋರು ಕಣೇ" ಎಂದು ಮೆಚ್ಚಿಕೊಂಡ. ತನ್ನ ಕಾಲುಚೀಲಗಳಲ್ಲೇ ಒಳ್ಳೆಯ ಆರು ಜೊತೆ ಆರಿಸಿ, ಒಗೆದು, ಹೆಬ್ಬೆರಳ ತೂತು ಹೊಲಿದು, ಅವಳ ಪೆಟ್ಟಿಗೆಯ ತಳದಲ್ಲಿ ಇಟ್ಟ.

ಅವನು ಕೆಲಸಕ್ಕೆ ಹೋದದ್ದೇ ತಡ, ಹುಡುಗಿ ಅವನ್ನು ಎರಡು ಬೆರಳಲ್ಲಿ ಎತ್ತಿ ಅಟ್ಟದ ಮೇಲೆ ಹಳೇ ಪಾತ್ರೆಗಳ ಹಿಂದೆ ತಳ್ಳಿದಳು. ಎಷ್ಟು ಒಗೆದರೂ ಅದೇ ವಾಸನೆ ಎಂದು ಅವಳ ಮೂಗು ಹಟ ಹಿಡಿದಿತ್ತು. ಖಾಲಿಯಾದ ಜಾಗಕ್ಕೆ ಹನ್ನೆರಡು ಜೊತೆ ಹೊಸ ಹತ್ತಿ ಕಾಲುಚೀಲ ಬಂತು, ಹಾಲಿನಂಥ ಬಿಳುಪು. ಬೂಟು ಕಾಲಿಗೆ ಅಚ್ಚು ಹೊಯ್ದಂತೆ ಬಿಗಿ. ನಾಲ್ಕು ಜನರೆದುರು ಓಡಾಡುವ ಕೆಲಸ, ನೋಡುವುದಕ್ಕೂ ಚೆನ್ನಾಗಿರಬೇಡವೇ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು.

ನಾಲ್ಕು ಜನ ಯಾರೂ ಅವಳನ್ನು ನೋಡಲಿಲ್ಲ. ಅವರು ಬಿಟ್ಟುಹೋದದ್ದನ್ನು ಅವಳು ನೋಡಿದಳು. ಬಚ್ಚಲ ಕಂಡಿಯಿಂದ ಎಳೆದಷ್ಟೂ ಬರುವ ಲೋಳೆಗೂದಲು. ಕಾಫಿ ಬಟ್ಟಲಿನ ತಟ್ಟೆಯಲ್ಲಿ ಕತ್ತರಿಸಿಟ್ಟ ಕಾಲುಗುರು. ದಿಂಬಿನ ಕೆಳಗೆ ಅರ್ಧ ತಿಂದ ಕಿತ್ತಳೆ. ಕೋಣೆಗಳೆಲ್ಲ ಬೆಟ್ಟದ ಇಳಿಜಾರಿನಲ್ಲಿ ಬಿಡಿಬಿಡಿ ಮನೆಗಳು. ಕೊಳೆ ಚಾದರದ ಗಂಟು ಹೊತ್ತು ಮೊಳಕಾಲುದ್ದ ಹಿಮದಲ್ಲಿ ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯಬೇಕು. ಮೊದಲ ದಿನ ಹತ್ತು ಗಂಟೆಗೇ ಹತ್ತಿ ಕಾಲುಚೀಲ ಹಿಂಡುವಷ್ಟು ನೆನೆಯಿತು. ಸಂಜೆ ಕಿತ್ತಾಗ ಪಾದ ನೀರಲ್ಲಿ ನೆನೆಹಾಕಿದ ಕಾಗದದ ಹಾಗೆ ಸುಕ್ಕಾಗಿತ್ತು.

ಕೆಲಸದವರ ಮನೆಯ ಹಿಂಭಾಗದಲ್ಲಿ ಒಂದು ಒಣಗಿಸುವ ಕೋಣೆ. ಬಿಸಿನೀರಿನ ಕೊಳವೆಗಳ ಮೇಲೆ ನಲವತ್ತು ಜೊತೆ ಬೂಟು ತಲೆಕೆಳಗಾಗಿ ನಿಂತಿದ್ದವು, ನಾಲಿಗೆ ಹೊರಚಾಚಿಕೊಂಡು. ಹಗ್ಗದ ಮೇಲೆ ಕಾಲುಚೀಲಗಳು ಸತ್ತ ಬಾವಲಿಗಳಂತೆ ಜೋತು, ಕೆಳಗಿನ ಬಕೆಟ್ಟಿಗೆ ಕಂದು ನೀರು ತೊಟ್ಟಿಕ್ಕಿಸುತ್ತಿದ್ದವು. ಬಾಗಿಲು ತೆರೆದೊಡನೆ ನಲವತ್ತು ಜನರ ಬೆವರು ಬಿಸಿ ಹಬೆಯಾಗಿ ಮುಖಕ್ಕೆ ರಾಚಿತು. ಹುಡುಗಿ ಸೆರಗಿಲ್ಲದ್ದಕ್ಕೆ ತೋಳನ್ನೇ ಮೂಗಿಗೆ ಒತ್ತಿಕೊಂಡಳು.

"ಬಾರೇ, ಇಲ್ಲೊಂದು ಜಾಗ ಖಾಲಿ ಇದೆ" ಎಂದು ಒಳಗಿಂದ ಕರೆದವಳು ಅವಳ ಕೋಣೆಯ ಜೊತೆಗಾತಿ. ಐವತ್ತರ ಹೆಂಗಸು, ಇದು ಅವಳ ಒಂಬತ್ತನೆಯ ಚಳಿಗಾಲ. ಗೋಡೆ ಅದುರುವಂತೆ ಗೊರಕೆ ಹೊಡೆಯುವುದರಿಂದ ಎಲ್ಲರ ಬಾಯಲ್ಲೂ ಗೊರಕೆಯಕ್ಕ.

"ಬೇಡಕ್ಕ, ವಾಂತಿ ಬರುತ್ತೆ ನಂಗೆ."

"ವಾಂತಿ ಬಂದ್ರೆ ಬಕೆಟ್ ಇದೆ. ಬೆರಳು ಹೋದ್ರೆ ಏನಿದೆ, ಮೂಗುರಾಣಿ?"

ಮೂಗುರಾಣಿ ಎಂಬ ಹೆಸರು ಊಟದ ಹೊತ್ತಿಗೆ ಇಡೀ ಮನೆಗೆ ಹಬ್ಬಿತ್ತು. ಹುಡುಗಿ ಮಾತ್ರ ಬೂಟನ್ನು ಕೋಣೆಯ ಕಿಟಕಿಯ ಹತ್ತಿರವೇ ಇಟ್ಟಳು. ಬೆಳಿಗ್ಗೆ ಅದು ಕಲ್ಲಿನಂತೆ ಸೆಟೆದಿತ್ತು.

ಗೊರಕೆಯಕ್ಕನನ್ನು ಕಂಡರೂ ಅವಳಿಗೆ ಹೇಸಿಗೆ. ಆಕೆ ಮಂಚದ ಮೇಲೆ ಕೂತು ಬೆರಳ ಸಂದಿಗೆಲ್ಲ ಎಣ್ಣೆ ತಿಕ್ಕಿ, ಅದೇ ಕೈಯನ್ನು ತಲೆಗೆ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಮರುದಿನದ ಉಣ್ಣೆ ಕಾಲುಚೀಲ ತೆಗೆದು, ಅಂಗಿ ಎತ್ತಿ, ಬರಿಹೊಟ್ಟೆಯ ಮೇಲೆ ಹರಡಿಕೊಂಡು ಮಲಗುತ್ತಿದ್ದಳು.

"ಅಕ್ಕ, ಥೂ, ಹೊಟ್ಟೆ ಮೇಲೆ ಯಾಕೆ?"

"ಬೆಳಗಾಗೋದ್ರಲ್ಲಿ ಗರಿಗರಿ ಒಣಗಿ ಬೆಚ್ಚಗಿರುತ್ತೆ. ಮೊದಲು ಇಲ್ಲಿ ಗಂಡನ ತಲೆ ಇರ್ತಿತ್ತು. ಸಾಕ್ಸೇ ವಾಸಿ ಕಣೇ, ಕುಡಿಯಲ್ಲ, ಎದುರು ಮಾತಾಡಲ್ಲ."

ಹುಡುಗಿ ಗೋಡೆಗೆ ತಿರುಗಿ ಮಲಗಿದಳು.

ಪ್ರತಿ ಶುಕ್ರವಾರ ಮಧ್ಯಾಹ್ನ ಹೊಸಬರ ಪಾದ ತಪಾಸಣೆ. ಉಸ್ತುವಾರಿ ಮೇಡಂ ಎಲ್ಲರನ್ನೂ ಬೆಂಚಿನ ಮೇಲೆ ಬರಿಗಾಲಲ್ಲಿ ಕೂರಿಸಿ, ಬೆರಳು ಒಂದೊಂದನ್ನೂ ಒತ್ತಿ ಬಿಡುತ್ತಿದ್ದರು. ಬಿಳಿಚಿದ್ದು ತಕ್ಷಣ ಕೆಂಪಾದರೆ ಸರಿ. ಇಲ್ಲದಿದ್ದರೆ ಶನಿವಾರದ ವ್ಯಾನಿನಲ್ಲಿ ಕೆಳಗೆ. ಅಂಗಡಿ ಎಂದರೂ ಕೆಳಗೇ, ಮೂರು ಗಂಟೆಯ ದಾರಿ.

ಶುಕ್ರವಾರ ಬೆಳಿಗ್ಗೆ ಹುಡುಗಿ ಎದ್ದಾಗ ಬಲಗಾಲಿನ ಮೂರು ಬೆರಳು ಮೇಣದಂತೆ ಬಿಳಿ. ಚಿವುಟಿದರೂ ಗೊತ್ತಾಗಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಹನ್ನೆರಡನೆಯ ಜೊತೆಯೂ ಒದ್ದೆಯಾಗಿದ್ದದ್ದನ್ನು ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಅಳತೊಡಗಿದಳು. ಅಪ್ಪ ಬಸ್‌ ನಿಲ್ದಾಣಕ್ಕೆ ಕರೆಯಲು ಬರುವುದು, ಏನೂ ಕೇಳದೆ ಪೆಟ್ಟಿಗೆ ಹೊತ್ತು ಮುಂದೆ ನಡೆಯುವುದು, ಎಲ್ಲ ಕಣ್ಣಿಗೆ ಕಟ್ಟಿತು. ಬೆರಳುಗಳನ್ನು ಗಸಗಸ ಉಜ್ಜತೊಡಗಿದಳು.

"ಉಜ್ಜಬೇಡ, ಉಜ್ಜಬೇಡ! ಚರ್ಮ ಸುಲಿದುಹೋಗುತ್ತೆ" ಎಂದು ಗೊರಕೆಯಕ್ಕ ಬಂದು ಎದುರು ಕುಕ್ಕರಿಸಿದಳು. ಹುಡುಗಿಯ ಪಾದವನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ಹೌದು, ಕಂಕುಳಲ್ಲಿ. ಹುಡುಗಿ ಕಣ್ಣು ಮುಚ್ಚಿದಳು. ಬಹಳ ಹೊತ್ತಿನ ಮೇಲೆ ಬೆರಳಲ್ಲಿ ಸೂಜಿ ಚುಚ್ಚಿದ ನೋವು ಎದ್ದಿತು.

"ನೋಯ್ತಿದೆಯಾ?"

"ಹೂಂ."

"ಸದ್ಯ! ನೋವು ಬಂತಲ್ಲ."

ಅನಂತರ ಆಕೆ ಅಂಗಿಯೊಳಗೆ ಕೈ ಹಾಕಿ ಹೊಟ್ಟೆಯ ಮೇಲಿದ್ದ ಕಾಲುಚೀಲ ಎಳೆದು ಕೊಟ್ಟಳು. ಎಣ್ಣೆ, ಬೆವರು, ಉಣ್ಣೆ. ಹುಡುಗಿ ಉಸಿರು ಬಿಗಿಹಿಡಿದು ಕಾಲು ತೂರಿಸಿದಳು. ಬಿಸಿ ರೊಟ್ಟಿಯ ಹಾಗೆ ಬೆಚ್ಚಗಿತ್ತು, ಅದೇ ಇನ್ನೂ ಹೇಸಿಗೆ. ಬಿಗಿ ಬೂಟಿನೊಳಗೆ ಅದು ಹಿಡಿಸದಿದ್ದಾಗ ಗೊರಕೆಯಕ್ಕ ಒಳಗಿನ ಅಟ್ಟೆಯನ್ನು ಕಿತ್ತು ಜಾಗ ಮಾಡಿದಳು. "ಇವತ್ತು ಮೇಲಿನ ಮನೆಗಳ ಗಂಟು ನಂದು. ನೀನು ಒಳಗೆ ಇಸ್ತ್ರಿ ಮಾಡು" ಎಂದು ಹೊರಟಳು.

ಮಧ್ಯಾಹ್ನ ಮೇಡಂ ಮೂರು ಬೆರಳನ್ನೂ ಎರಡು ಸಲ ಒತ್ತಿದರು. ಬಿಳಿ, ನಿಧಾನವಾಗಿ ಗುಲಾಬಿ, ಆಮೇಲೆ ಕೆಂಪು. ಹುಡುಗಿಯ ಮುಖ ನೋಡಿದರು. ಕಾಲುಚೀಲ ನೋಡಿದರು. ಅದು ಯಾರದೆಂದು ಅವರಿಗೆ ಗೊತ್ತಾಗಿರಬೇಕು, ಆದರೂ ಕೇಳಲಿಲ್ಲ. "ಇರು. ಕೆಳಗಿಂದ ಏನು ತರಿಸಬೇಕೋ ಡ್ರೈವರಿಗೆ ಬರೆದು ಕೊಡು" ಎಂದಷ್ಟೇ ಹೇಳಿ ಮುಂದಿನ ಪಾದಕ್ಕೆ ಹೋದರು.

ಊಟದ ಮನೆಯಲ್ಲಿ ಗೊರಕೆಯಕ್ಕನ ಜಾಗ ಖಾಲಿ.

"ಒಣಗಿಸೋ ಕೋಣೇಲಿದಾಳೆ" ಎಂದ ಅಡುಗೆಯವನು. "ಒಣಗಿದ್ದು ಬೇರೆ ಇರಲಿಲ್ವಂತೆ, ನಿನ್ನೆಯ ಒದ್ದೆ ಸಾಕ್ಸಲ್ಲೇ ಗಂಟು ಹೊತ್ತಳಂತೆ. ನಡೆಯೋಕೆ ಆಗ್ತಿಲ್ಲ. ಇನ್ನೊಂದು ಗಳಿಗೆಗೆ ಒಲೆ ಆರಿಸ್ತೀನಿ, ಹೇಳಿಬಿಡು."

ಹುಡುಗಿ ಕೈಯಲ್ಲಿದ್ದ ತನ್ನ ತಟ್ಟೆಯನ್ನು ಕೆಳಗಿಟ್ಟಳು. ಕೈಗೆ ಸೋಪು ಹಚ್ಚಿ ತೊಳೆದಳು, ಮತ್ತೊಮ್ಮೆ ತೊಳೆದಳು. ಬೇರೆ ತಟ್ಟೆ ತೆಗೆದು ಬಿಸಿ ಅನ್ನ, ಸಾರು, ಎರಡು ಮೊಟ್ಟೆ ಹಾಕಿಸಿಕೊಂಡಳು.

ಬಾಗಿಲು ತೆರೆದಳು. ಅದೇ ಹಬೆ, ಅದೇ ನಾಲಿಗೆ ಚಾಚಿದ ಬೂಟುಗಳು, ತೊಟ್ಟಿಕ್ಕುವ ಕಂದು ನೀರು. ಎರಡೂ ಕೈಯಲ್ಲಿ ತಟ್ಟೆ ಇದ್ದುದರಿಂದ ಮೂಗು ಮುಚ್ಚಿಕೊಳ್ಳಲು ಆಗಲಿಲ್ಲ. ಕೊಳವೆಯ ಪಕ್ಕ ಗೊರಕೆಯಕ್ಕ ಪಾದಗಳನ್ನು ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ಹುಡುಗಿ ಜೋತಾಡುವ ಕಾಲುಚೀಲಗಳ ಕೆಳಗೆ ತಲೆ ಬಗ್ಗಿಸಿ ನಡೆದು, ಆಕೆಯ ಎದುರು ನೆಲದ ಮೇಲೆ ಕೂತು, ತಟ್ಟೆಯನ್ನು ಆಕೆಯ ಕೈಗಿತ್ತಳು.