ಐದನೆಯ ಮುತ್ತೈದೆ

ಹನ್ನೊಂದನೆಯ ಪ್ರಶ್ನೆಯೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಬರೆದಾಗಿತ್ತು. 'ಮದುವೆಯಾದ ನಂತರ ಗಂಡನೊಂದಿಗೆ ವಾಸಿಸದಿರಲು ಕಾರಣ.' ಕೆಳಗೆ ನಾಲ್ಕು ಗೆರೆ. ಜರ್ಮನರು ಕಾರಣಕ್ಕೂ ಅಳತೆ ಇಟ್ಟಿದ್ದಾರಲ್ಲ ಎಂದುಕೊಂಡು ಕಮಲ ಅರ್ಜಿಯನ್ನು ಮಡಿಸಿ, ವಿಳಾಸ ಬರೆದಿಟ್ಟ ಲಕೋಟೆಯ ಜೊತೆ ಕೈಚೀಲಕ್ಕೆ ತುರುಕಿದಳು. ಗುಬ್ಬಿಯ ಬಸ್ಸು ತುಮಕೂರು ಬಿಟ್ಟಾಗಿತ್ತು. ಪಕ್ಕದಲ್ಲಿ ಅಮ್ಮ ಕೌಸಲ್ಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಿದ್ದರು.

ಸೋದರಮಾವ ಸೀತಾರಾಮಯ್ಯನ ಮಗಳ ಮದುವೆ. ಇವತ್ತು ಅರಿಶಿನ ಕುಟ್ಟುವ ಶಾಸ್ತ್ರ. ಕಮಲ ಕಾಲೇಜಿಗೆ ರಜೆ ಹಾಕಿದ್ದಳು. ಮೂವತ್ತಮೂರು ವರ್ಷದ, ಮದುವೆಯಾಗದ ಸಸ್ಯಶಾಸ್ತ್ರದ ಲೆಕ್ಚರರ್. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು.

ಗೊತ್ತಿಲ್ಲದ್ದು ಇಷ್ಟು: ಎಪ್ಪತ್ತನಾಲ್ಕರಲ್ಲಿ, ಹನೋವರ್‌ನಲ್ಲಿ ಒಂದು ವರ್ಷದ ತರಬೇತಿ ಮುಗಿಯುವ ಹೊತ್ತಿಗೆ, ಅವಳು ಡೀಟರ್ ಎಂಬುವನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ನಲವತ್ತೊಂದು ದಿನ ಸಂಸಾರ. ಆಮೇಲೆ ವಿಮಾನ ಹತ್ತಿ ಬಂದುಬಿಟ್ಟಳು. ಕಾಲೇಜಿಗೆ ಮೂರು ವರ್ಷದ ಬಾಂಡ್ ಬರೆದುಕೊಟ್ಟಿದ್ದೇನೆ, ಅದು ಮುಗಿಯಲಿ ಎಂದಳು. ಮುಗಿಯಿತು. ಅಮ್ಮನ ಕಣ್ಣಿನ ಆಪರೇಷನ್ ಆಗಲಿ ಎಂದಳು. ಆಯಿತು. ಪುಣ್ಯಾತ್ಮ ಎಲ್ಲಕ್ಕೂ ಹೂಂ ಎಂದ. ಹೋದ ವಾರ ಮಾತ್ರ ವೀಸಾ ಅರ್ಜಿಯ ಜೊತೆ ಎರಡೇ ಸಾಲು ಬರೆದಿದ್ದ. ಸೋಮವಾರದೊಳಗೆ ಇದು ಮದರಾಸಿನ ಕಾನ್ಸುಲೇಟಿಗೆ ತಲುಪದಿದ್ದರೆ ನಾನು ಇನ್ನು ಕೇಳುವುದಿಲ್ಲ.

ಇವತ್ತು ಶುಕ್ರವಾರ. ಸಂಜೆಯ ಟಪಾಲು ತಪ್ಪಿದರೆ ಮುಗಿಯಿತು.

ಅಮ್ಮನಿಗೆ ಅವಳು ವಿಷಯ ಹೇಳಿದ್ದು ಊರಿಗೆ ಬಂದ ಆರು ತಿಂಗಳಿಗೆ. ಅಮ್ಮ ಅಳಲಿಲ್ಲ. "ತಾಳಿ ಕಟ್ಟಿದ್ನೇನೇ?" ಎಂದು ಕೇಳಿದರು. "ಇಲ್ಲ, ಸೈನ್ ಮಾಡಿದ್ವಿ." ಸ್ವಲ್ಪ ಹೊತ್ತು ಬಿಟ್ಟು, "ಒಬ್ನೇ ಇದಾನಲ್ಲ, ಅಡುಗೆ ಯಾರು ಮಾಡಿಹಾಕ್ತಾರೆ?" ಎಂದರು. ಆಮೇಲೆ ಆ ಮಾತೇ ಇಲ್ಲ. ಅಮ್ಮನ ಮೌನ ಕಮಲಳಿಗೆ ದೊಡ್ಡ ಅನುಕೂಲವಾಗಿತ್ತು. ನಾಲ್ಕು ಗೆರೆಗೆ ಅವಳು ಮನಸ್ಸಿನಲ್ಲಿ ಹೊಂದಿಸಿಟ್ಟುಕೊಂಡ ಉತ್ತರವೂ ಅದೇ: ತಾಯಿ ವಿಧವೆ, ನಮ್ಮ ಜನ ಒಪ್ಪುವುದಿಲ್ಲ, ಆಕೆ ತಲೆಯೆತ್ತಿ ತಿರುಗಲಾರಳು.

"ಹೋಗ್ಲೇನಮ್ಮಾ?" ಎಂದು ಬೆಳಿಗ್ಗೆ ಕೇಳಿದ್ದಳು.

"ನನ್ನ ಕೇಳ್ಬೇಡ. ನಾನು ಹಿಡ್ಕೊಂಡಿದೀನಾ ನಿನ್ನ?"

ಗುಬ್ಬಿಯ ಮನೆಯಲ್ಲಿ ಗಲಾಟೆಯೋ ಗಲಾಟೆ. ನಡುಮನೆಯಲ್ಲಿ ಒರಳಿಗೆ ರಂಗೋಲೆ ಇಟ್ಟಾಗಿತ್ತು, ಒನಕೆಗೆ ಮಾವಿನೆಲೆ ಕಟ್ಟಿಯಾಗಿತ್ತು. ಐವರು ಮುತ್ತೈದೆಯರು ಒಟ್ಟಿಗೆ ಒನಕೆ ಹಿಡಿಯಬೇಕು. ನಾಲ್ವರು ಹಿಡಿದು ನಿಂತಿದ್ದರು. ಐದನೆಯವರು ಕುಣಿಗಲ್ಲಿನಿಂದ ಬರಬೇಕು, ಬಂದಿಲ್ಲ.

"ಆ ಬಸ್ಸು ಎಲ್ಲಿ ಕೆಟ್ಟು ನಿಂತಿದ್ಯೋ ಏನೋ," ಎಂದು ಅತ್ತೆ ಶಕುಂತಲಮ್ಮ ಕೈಕೈ ಹಿಸುಕಿಕೊಂಡರು. "ಹತ್ತೂವರೆಗೆ ರಾಹುಕಾಲ ವಕ್ಕರಿಸುತ್ತೆ. ಪಕ್ಕದ್ಮನೇಲಿ ಸೂತಕ, ಎದುರ್ಮನೆಯವಳು ಹೊರಗಾಗಿದಾಳೆ. ಇನ್ನೊಬ್ಬ ಮುತ್ತೈದೇನ ನಾನೆಲ್ಲಿಂದ ತರ್ಲಿ?"

ಹತ್ತೂಕಾಲಾಗಿತ್ತು. ಕಮಲ ಗೋಡೆಗೆ ಒರಗಿ ಒನಕೆಯನ್ನೇ ನೋಡುತ್ತಿದ್ದಳು. ಎಂಟು ಕೈ ಹಿಡಿದ ಮೇಲೂ ನಡುವೆ ಒಂದಿಷ್ಟು ಜಾಗ ಉಳಿದಿತ್ತು.

"ಕಮಲ ಇದಾಳಲ್ಲ."

ಅಮ್ಮನ ಧ್ವನಿ. ಶುಭಕಾರ್ಯಕ್ಕೆ ಎದುರು ಬರಬಾರದೆಂದು ಅಡುಗೆಮನೆಯ ಬಾಗಿಲ ಹಿಂದೆ ಕೂತಿದ್ದ ಅಮ್ಮ ಎದ್ದು ಹೊಸ್ತಿಲಿಗೆ ಬಂದಿದ್ದರು.

"ಅವಳಿಗೂ ಮದುವೆ ಆಗಿದೆ. ನಾಲ್ಕು ವರ್ಷ ಆಯ್ತು. ಗಂಡ ಜರ್ಮನೀಲಿದಾನೆ."

ಒನಕೆ ಹಿಡಿದವರು ಹಾಗೇ ನಿಂತರು. ಎಲ್ಲರೂ ತಿರುಗಿ ಕಮಲಳನ್ನು ನೋಡಿದರು. ಹೂಂ ಎಂದರೆ ಸಾಕಿತ್ತು. ಹೂಂ ಎನ್ನಬೇಕೆಂದೇ ಬಾಯಿ ತೆರೆದಳು.

"ಅಮ್ಮನಿಗೆ ಹೊತ್ತಿಲ್ಲ ಗೊತ್ತಿಲ್ಲ, ನನ್ನ ಮದುವೇದೇ ಚಿಂತೆ," ಎಂದು ನಕ್ಕಳು. "ಕನಸಲ್ಲೇ ಮಾಡಿ ಮುಗಿಸಿದಾರೆ."

ಎಲ್ಲರೂ ಗೊಳ್ಳೆಂದರು. "ಅಯ್ಯೋ, ಒಂದು ಗಳಿಗೆ ನಾನೂ ನಂಬ್ಬಿಟ್ಟಿದ್ದೆ ಕಣೇ!" ಎಂದು ಅತ್ತೆ ಅವಳ ಬೆನ್ನಿಗೆ ಗುದ್ದಿದರು. ಅಮ್ಮ ನಗಲಿಲ್ಲ. ಮಗಳ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದರು. ಮೂರೂವರೆ ವರ್ಷ ಆ ತಾಯಿ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅದು.

ಕೊನೆಗೆ ದಾರಿ ತೋರಿಸಿದ್ದು ಶಕುಂತಲಮ್ಮನೇ. ಅವರ ಅತ್ತೆಯ ಕಾಲದಲ್ಲೂ ಹೀಗೊಮ್ಮೆ ಆಗಿತ್ತಂತೆ. ಸೀತಾರಾಮಯ್ಯ ಗಡಿಬಿಡಿಯಲ್ಲಿ ಅಟ್ಟಕ್ಕೆ ಏಣಿ ಹಾಕಿ, ಒಂದು ತೆಂಗಿನಕಾಯಿ ಇಳಿಸಿ, ಸುಲಿದು ತಂದರು. ಅದಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ರವಿಕೆ ಕಣ ಸುತ್ತಿ, ಒರಳಿನ ಪಕ್ಕ ಮಣೆಯ ಮೇಲೆ ಕೂರಿಸಿದರು. ಐವರಾದರು. ಹಾಡು ಹೇಳಿಕೊಂಡು ಅರಿಶಿನ ಕುಟ್ಟಿದರು.

ಹೊರಡುವಾಗ ಅತ್ತೆ ಆ ಕಾಯಿಯನ್ನು ಕಮಲಳ ಮಡಿಲಿಗೆ ಹಾಕಿದರು. "ತಗೋ, ಮುತ್ತೈದೆ ಕಾಯಿ. ಬರೋ ವರ್ಷದೊಳಗೆ ನಿಂಗೂ ಕಂಕಣ ಕೂಡಿಬರ್ಲಿ."

ವಾಪಸು ಬಸ್ಸಿನಲ್ಲಿ ಅಮ್ಮ ಮತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತರು. ಮಲ್ಲಸಂದ್ರ ದಾಟಿದ ಮೇಲೆ, "ಯಾಕೆ ಹಾಗಂದೆ?" ಎಂದರು.

"ಅಷ್ಟು ಜನರ ಮುಂದೆ ಹೇಗಮ್ಮಾ..."

"ನಾನು ಅಷ್ಟು ಜನರ ಮುಂದೇನೇ ಅಂದಿದ್ದು."

ಕಮಲ ಕಿಟಕಿಯ ಕಡೆ ತಿರುಗಿದಳು. ನಾಲ್ಕು ಗೆರೆಯ ಉತ್ತರದಲ್ಲಿ ಇನ್ನು ಒಂದು ಪದವೂ ಉಳಿದಿರಲಿಲ್ಲ. ಅಮ್ಮ ಹಿಡಿದುಕೊಂಡಿಲ್ಲ, ಯಾರೂ ಹಿಡಿದುಕೊಂಡಿಲ್ಲ. ಡೀಟರ್‌ನ ಮುಖ ನೆನೆಯಲು ಹೋದಳು. ಫೋಟೋದಲ್ಲಿದ್ದ ಮುಖ ಮಾತ್ರ ನೆನಪಿಗೆ ಬಂತು. ಅಯ್ಯೋ ಪಾಪ, ಎನ್ನಿಸಿತು. ಯಾರ ಬಗ್ಗೆ ಹಾಗನ್ನಿಸಿತೋ ಅವಳಿಗೇ ತಿಳಿಯಲಿಲ್ಲ.

ಬಸ್ಸು ಹಳ್ಳಕ್ಕೆ ಇಳಿದೆದ್ದಿತು. ಮಡಿಲಲ್ಲಿದ್ದ ಕಾಯಿ ಲೊಟಲೊಟ ಸದ್ದು ಮಾಡಿತು.

ಅಮ್ಮ ಅದನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. "ನೋಡಿದ್ಯಾ, ಕೊಬ್ಬರಿಗೆ ಅಂತ ಅಟ್ಟದಲ್ಲಿ ಹಾಕಿದ್ದ ಕಾಯಿ. ಅವಸರಕ್ಕೆ ನಿಮ್ಮ ಮಾವ ಅದನ್ನೇ ಸುಲಿದುಕೊಟ್ಟಿದಾನೆ. ನೀರು ಪೂರಾ ಆರಿಹೋಗಿದೆ."

"ಕೆಟ್ಟಿದ್ಯಾ?"

"ಕೆಟ್ಟಿಲ್ಲ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಕೊಂಡಿದೆ, ಅಷ್ಟೆ."

ಅವರ ಮನೆ ಇದ್ದದ್ದು ಶಿರಾ ಗೇಟಿನ ಹತ್ತಿರ. ಅಲ್ಲಿಗೆ ಬಂದಾಗ ಐದೂವರೆ. ಟಪಾಲಿನವನು ಆಗಲೇ ಡಬ್ಬಿಯ ಬೀಗ ತೆಗೆದು ಕಾಗದಗಳನ್ನು ಚೀಲಕ್ಕೆ ಸುರಿಯುತ್ತಿದ್ದ. ಅಮ್ಮ ನಿಲ್ಲಲಿಲ್ಲ. ಮನೆಯ ಕಡೆ ನಡೆದುಬಿಟ್ಟರು.

"ಹಾಕೋದಿದ್ಯೇನಮ್ಮಾ?"

"ಒಂದ್ನಿಮಿಷ."

ಅವನು ಚೀಲದ ಬಾಯಿ ಅಗಲಿಸಿ ಹಿಡಿದು ನಿಂತ. ಕಮಲ ಕಾಯಿಯನ್ನು ಎಡಗೈ ಸಂದಿಗೆ ಒತ್ತಿಕೊಂಡು, ಡಬ್ಬಿಯ ತಲೆಯ ಮೇಲೆ ಅರ್ಜಿ ಹರವಿ, ಪೆನ್ನಿನ ಮುಚ್ಚಳ ತೆಗೆದಳು. ಹನ್ನೊಂದನೆಯ ಪ್ರಶ್ನೆ. ಬರೆಯಲು ಕೈ ಅಲುಗಿತು. ಕಾಯಿಯೊಳಗೆ ಕೊಬ್ಬರಿ ಲೊಟಲೊಟ ಎಂದಿತು. ಕೈ ನಿಲ್ಲಿಸಿದಳು. ಅದೂ ನಿಂತಿತು.

"ಬೇಗ ಬರೀರಮ್ಮಾ," ಎಂದ ಅವನು.

ಅವಳು ಆ ಸದ್ದು ಕೇಳಲೆಂದೇ ಮತ್ತೆ ಕೈ ಆಡಿಸಿದಳು.